ಹೊಡೆಯದ ಬೆಲ್ಲಿಗೆ ಉತ್ತರ

ಡೊಂಬಿವಲಿಯ ನಮ್ಮ ಮನೆಯಲ್ಲಿ ಫೋನುಗಳು ಎರಡು, ಲೈನು ಒಂದೇ. ಹಾಲಿನಲ್ಲಿ ಒಂದು, ಒಳಕೋಣೆಯಲ್ಲಿ ಅದೇ ತಂತಿಗೆ ಜೋಡಿಸಿದ ಇನ್ನೊಂದು. ಎರಡನ್ನೂ ಒಟ್ಟಿಗೆ ಎತ್ತಿದರೆ ಡಯಲ್ ಟೋನಿನ ಗುಂಯ್ ಎನ್ನುವ ಸದ್ದಿನ ಮೇಲೆಯೇ ಮನೆಯೊಳಗಿನ ಇಬ್ಬರು ಮಾತಾಡಬಹುದಿತ್ತು. ಸ್ವಲ್ಪ ಹೊತ್ತಾದರೆ ಟೋನು ನಿಂತು, ರಿಸೀವರ್ ಸರಿಯಾಗಿ ಇಡಿ ಎಂದು ಎಕ್ಸ್‌ಚೇಂಜಿನ ಹೆಣ್ಣುದನಿ ಮರಾಠಿಯಲ್ಲಿ ಹೇಳತೊಡಗುತ್ತಿತ್ತು. ಅಷ್ಟರೊಳಗೆ ಮಾತು ಮುಗಿಯಬೇಕು. ನನ್ನ ತಂಗಿಗೆ ಬೇಕಾಗಿದ್ದದ್ದೂ ಅದೇ.

ಅವಳು ವಿಮಾನದ ಕ್ಯಾಬಿನ್ ಸಿಬ್ಬಂದಿಯ ತರಬೇತಿಗೆ ಸೇರಿದ ದಿನಗಳವು. ಹೊಸ ವಿಮಾನ ಕಂಪನಿಗಳು ಒಂದರ ಹಿಂದೊಂದು ಶುರುವಾಗುತ್ತಿದ್ದ ಕಾಲ. ಬಿ.ಕಾಂ. ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಕೂರಬೇಕಾಗಿದ್ದ ನಮ್ಮ ಬಿಲ್ಡಿಂಗಿನ ಹುಡುಗಿಯರು ಕೂದಲು ಗಂಟು ಕಟ್ಟಿಕೊಂಡು ಇಂಟರ್‌ವ್ಯೂಗೆ ಹೋಗುತ್ತಿದ್ದರು. ತಂಗಿ ಆಯ್ಕೆಯಾದಳು. ನೀರಿಗೆ ಬಿದ್ದರೆ ಈಜುವುದು, ಬೆಂಕಿ ಆರಿಸುವುದು, ಬಾಗಿಲು ತೆಗೆಯುವುದು ಅವಳಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ತುರ್ತು ಹೊತ್ತಿನಲ್ಲಿ ಕಾಕ್‌ಪಿಟ್ಟಿನಿಂದ ಬರುವ ಮಾತನ್ನು ತೆಗೆದುಕೊಳ್ಳುವುದು. ಕ್ಯಾಪ್ಟನ್ ಕ್ಯಾಬಿನ್ನಿಗೆ ಫೋನು ಮಾಡಿ ನಾಲ್ಕು ಸಂಗತಿ ಹೇಳುತ್ತಾನೆ: ಏನಾಗಿದೆ, ತಾನೇನು ಮಾಡುತ್ತೇನೆ, ಎಷ್ಟು ಹೊತ್ತಿದೆ, ವಿಶೇಷವಾಗಿ ಮಾಡಬೇಕಾದ್ದೇನಾದರೂ ಇದೆಯೇ. ಕೇಳಿಸಿಕೊಂಡವಳು ಅದೇ ಕ್ರಮದಲ್ಲಿ ಅದನ್ನು ತಿರುಗಿ ಹೇಳಬೇಕು. ತಿರುಗಿ ಹೇಳುವ ತನಕ ಮಾತು ತಲುಪಿದಂತಲ್ಲ. ತಂಗಿ ಗಾಬರಿಯಲ್ಲಿ ಮೂರನೆಯದನ್ನು ಮೊದಲು ಹೇಳುತ್ತಿದ್ದಳು, ನಾಲ್ಕನೆಯದನ್ನು ಬಿಟ್ಟೇಬಿಡುತ್ತಿದ್ದಳು.

ಅದಕ್ಕೇ ಈ ಅಭ್ಯಾಸ. ಸಂಜೆ ಡ್ಯೂಟಿ ಇಲ್ಲದ ದಿನ ಅಪ್ಪ ಒಳಕೋಣೆಯ ಫೋನು ಹಿಡಿದು ಕ್ಯಾಪ್ಟನ್ ಆಗುತ್ತಿದ್ದರು. ಅವಳು ಹಾಲಿನ ಫೋನು ಹಿಡಿದು ಗೋಡೆಗೆ ಬೆನ್ನು ಒತ್ತಿ ನಿಲ್ಲುತ್ತಿದ್ದಳು.

"ಕ್ಯಾಪ್ಟನ್ ಮಾತಾಡ್ಲತ್ತೀನಿ. ಈ ಗಾಡಿ ಕಲ್ಯಾಣ ಸ್ಲೋ ಅದ. ಎಲ್ಲಾ ಸ್ಟೇಷನ್ನಿನಾಗೂ ನಿಂದ್ರತದ."

"ಅಪ್ಪಾ, ಸೀರಿಯಸ್ ಆಗಿ ಮಾಡು ನಾ."

"ಸೀರಿಯಸ್ಸೇ ಹೇಳ್ಲತ್ತೀನವಾ. ತಿರುಗಿ ಹೇಳು."

ಅವಳು ನಗು ತಡೆದುಕೊಂಡು ಅದನ್ನೂ ತಿರುಗಿ ಹೇಳುತ್ತಿದ್ದಳು. ಅವ್ವ ಅಡುಗೆಮನೆಯಿಂದ, ಅಷ್ಟು ಎತ್ತರದಾಗ ನಾಕು ಮಂದಿಗೆ ಚಾ ಕೊಡ್ಲಿಕ್ಕೆ ಇಷ್ಟು ಪರೀಕ್ಷೆ ಯಾಕೆ, ಮದುವೆಯಾದರೆ ಇಲ್ಲೇ ಕೊಡಬಹುದಲ್ಲ ಎನ್ನುತ್ತಿದ್ದಳು. ಊರಿನಿಂದ ಯಾರಾದರೂ ಫೋನು ಮಾಡಿದರೆ ಯಾವಾಗ ನೋಡಿದರೂ ಎಂಗೇಜ್ ಎಂಬ ದೂರೂ ಅವಳದೇ.

ಅಪ್ಪನಿಗೆ ಈ ಆಟ ಅಷ್ಟು ಹಿಡಿಸಲು ಕಾರಣವಿತ್ತು. ಅವರು ಲೋಕಲ್ ರೈಲಿನ ಗಾರ್ಡ್. ಕಲಬುರಗಿ ಕಡೆಯಿಂದ ಬಂದು ಕಲ್ಯಾಣದ ರೈಲ್ವೆ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿ, ಕೊನೆಗೆ ಡೊಂಬಿವಲಿಯಲ್ಲಿ ಹಳಿಯ ಪಕ್ಕದ ಈ ಫ್ಲ್ಯಾಟು ತೆಗೆದುಕೊಂಡವರು. ಗಾಡಿ ಓಡಿಸುವ ಮೋಟರ್‌ಮನ್ ಮೊದಲ ಡಬ್ಬಿಯಲ್ಲಿ, ಗಾರ್ಡ್ ಕೊನೆಯ ಡಬ್ಬಿಯಲ್ಲಿ. ಇಬ್ಬರ ನಡುವೆ ಜನ ತುಂಬಿದ ಇಡೀ ರೈಲು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಹತ್ತಿ ಇಳಿಯುವುದು ಮುಗಿದಾಗ ಗಾರ್ಡ್ ಎರಡು ಬೆಲ್ ಹೊಡೆಯುತ್ತಾನೆ, ಮುಂದಿನಿಂದ ಎರಡು ಬೆಲ್ ತಿರುಗಿ ಬರುತ್ತದೆ, ಗಾಡಿ ಹೊರಡುತ್ತದೆ. ಒಂದು ಬೆಲ್ ಎಂದರೆ ನಿಲ್ಲಿಸು. ಅಪ್ಪ ತಮ್ಮ ನೌಕರಿಯ ಬಗ್ಗೆ ಮನೆಯಲ್ಲಿ ಮಾತಾಡಿದವರೇ ಅಲ್ಲ. ಮಗಳ ಪಾಠದಲ್ಲಿ ಅದು ಇದ್ದಕ್ಕಿದ್ದ ಹಾಗೆ ಎದುರಾದಾಗ ಅವರಿಗೆ ಮಾತು ಬಂತು. ಮಗಳೂ ತನ್ನ ಹಾಗೆಯೇ ಹಿಂದಿನ ಡಬ್ಬಿಯವಳು ಎಂದು ಅವ್ವನಿಗೆ ಹೇಳಿ ಖುಷಿಪಟ್ಟರು.

ಪರೀಕ್ಷೆಯಲ್ಲಿ ತಂಗಿ ಪಾಸಾದಳು. ಆಮೇಲೆ ಕೆಲವು ವರ್ಷ ಅವಳು ಹಾರಿದಳು. ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಬೆಳಕು ಹರಿಯುವ ಮುನ್ನ ಕಂಪನಿಯ ಗಾಡಿ ಬಿಲ್ಡಿಂಗಿನ ಕೆಳಗೆ ಬಂದು ನಿಲ್ಲುತ್ತಿತ್ತು. ಅವಳು ಸಣ್ಣ ಚಕ್ರದ ಪೆಟ್ಟಿಗೆಯನ್ನು ನೆರೆಯವರ ನಿದ್ದೆ ಕೆಡದಂತೆ ಕೈಯಲ್ಲಿ ಎತ್ತಿಕೊಂಡೇ ಮೆಟ್ಟಿಲಿಳಿಯುತ್ತಿದ್ದಳು. ವಿಮಾನದಲ್ಲಿ ಅವಳ ಜಾಗ ಬಹುಪಾಲು ಹಿಂದಿನ ಬಾಗಿಲ ಹತ್ತಿರದ ಮಡಚುವ ಸೀಟು. ಮುಂದಿನ ಸೀಟಿಗೆ ಬಡ್ತಿ ಸಿಗುವ ಸಂಭವ ಬಂದಾಗಲೂ ಅವಳಿಗೆ ಅವಸರವಿರಲಿಲ್ಲ. ಹಿಂದೆ ಕೂತರೆ ಇಡೀ ವಿಮಾನ ಕಾಣುತ್ತದೆ ಎನ್ನುತ್ತಿದ್ದಳು.

ನಾನು ಆಗ ಒಂದು ಪತ್ರಿಕೆಯ ಸುದ್ದಿ ಡೆಸ್ಕಿನಲ್ಲಿದ್ದೆ. ನಮ್ಮ ಮುದ್ರಣಾಲಯ ಮಹಾಪೆಯ ಕೈಗಾರಿಕಾ ಎಸ್ಟೇಟಿನಲ್ಲಿತ್ತು, ಡೆಸ್ಕು ಅದರ ಮೇಲಿನ ಮಹಡಿಯಲ್ಲಿ. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಘನ್ಸೋಲಿ, ಅಲ್ಲಿಂದ ಶೇರ್ ರಿಕ್ಷಾ. ಮಧ್ಯಾಹ್ನ ಹೋಗಿ ಬೇರೆಯವರು ಬರೆದ ಸುದ್ದಿಯನ್ನು ಕತ್ತರಿಸಿ ಅಚ್ಚಿಗೆ ಕೊಡುವುದು ನನ್ನ ಕೆಲಸ. ಮನೆಯಲ್ಲಿ ಮೂವರದೂ ಒಂದೇ ಜಾತಿಯ ಕೆಲಸ ಎಂದು ತಂಗಿ ಹಾಸ್ಯ ಮಾಡುತ್ತಿದ್ದಳು, ನಿನ್ನದರಲ್ಲಿ ಮಾತ್ರ ಯಾರೂ ತಿರುಗಿ ಹೇಳುವುದಿಲ್ಲ ಎಂದು.

ಅಪ್ಪನಿಗೆ ಒಂದು ಆಸೆಯಿತ್ತು. ತಂಗಿ ಡ್ಯೂಟಿಯ ಮೇಲಿರುವ ವಿಮಾನದಲ್ಲಿ ತಾನು ಪ್ರಯಾಣಿಕನಾಗಿ ಕೂರಬೇಕು. ಹಿಂದಿನ ಸಾಲಿನಲ್ಲಿ, ಅವಳು ಕಾಣುವ ಹಾಗೆ. ಸಿಬ್ಬಂದಿಯ ತಂದೆತಾಯಿಗೆ ಕಡಿಮೆ ದರದ ಟಿಕೆಟು ಇತ್ತು. ನಿವೃತ್ತಿಯಾದ ಮೇಲೆ ನೋಡೋಣ ಎಂದರು. ನಿವೃತ್ತಿಯಾದರು. ಮಳೆಗಾಲ ಮುಗಿಯಲಿ ಎಂದರು. ಅವ್ವನ ಮೊಣಕಾಲು ಸರಿಹೋಗಲಿ ಎಂದರು. ತಂಗಿ ಪ್ರತಿ ತಿಂಗಳ ರೋಸ್ಟರು ತಂದು ತೋರಿಸುತ್ತಿದ್ದಳು. ಅವಳು ಎಲ್ಲಿಗೂ ಹೋಗುವವಳಲ್ಲವಲ್ಲ ಎಂಬ ನಂಬಿಕೆಯಲ್ಲಿ ನಾವೆಲ್ಲ ಮುಂದೂಡಿದೆವು.

ಆ ದಿನ ಸಂಜೆ ಸುದ್ದಿಸಂಸ್ಥೆಯಿಂದ ನಾಲ್ಕು ಸಾಲು ಬಂತು. ಮುಂಬೈಗೆ ಬರುತ್ತಿದ್ದ ವಿಮಾನವೊಂದರ ಒಳಗಿನ ಗಾಳಿಯ ಒತ್ತಡ ಕುಸಿದು, ಅದು ವೇಗವಾಗಿ ಕೆಳಗಿಳಿದು, ದಾರಿಯ ಇನ್ನೊಂದು ನಿಲ್ದಾಣದಲ್ಲಿ ಭೂಮಿ ಮುಟ್ಟಿದೆ. ಪ್ರಯಾಣಿಕರೆಲ್ಲ ಸುರಕ್ಷಿತ. ಕಂಪನಿ ಅವಳದು. ಅವಳು ಅಂದು ಆ ದಾರಿಯಲ್ಲಿದ್ದಾಳೆಂದು ನನಗೆ ಗೊತ್ತಿತ್ತು, ಆ ವಿಮಾನದಲ್ಲೇ ಇದ್ದಾಳೆಂದು ಗೊತ್ತಿರಲಿಲ್ಲ. ನಾನು ಆ ಸಾಲುಗಳನ್ನು ಎರಡು ಸಲ ಓದಿದೆ. ಸಿಬ್ಬಂದಿಯ ಬಗ್ಗೆ ಅದರಲ್ಲಿ ಒಂದು ಪದವೂ ಇರಲಿಲ್ಲ. ಇಂಥ ಸುದ್ದಿಗಳಲ್ಲಿ ಅದು ಇರುವುದೇ ಇಲ್ಲ, ನಾನೇ ಎಷ್ಟೋ ಸಲ ಜಾಗವಿಲ್ಲವೆಂದು ಕತ್ತರಿಸಿದ್ದೇನೆ. ವಿಮಾನ ನಿಲ್ದಾಣದ ವರದಿಗಾರನಿಗೆ ಫೋನು ಮಾಡಿ ಸಿಬ್ಬಂದಿ ಹೇಗಿದ್ದಾರೆಂದು ವಿಚಾರಿಸಲು ಹೇಳಿದೆ. ಯಾಕೆಂದು ಹೇಳಲಿಲ್ಲ. ಮನೆಗೂ ಫೋನು ಮಾಡಲಿಲ್ಲ. ಖಚಿತವಾಗದ್ದನ್ನು ಹೇಳಬಾರದೆನ್ನುವುದು ಡೆಸ್ಕಿನ ನಿಯಮ. ಆ ಸಂಜೆ ಅದು ನನಗೆ ಅನುಕೂಲವಾಗಿಯೂ ಇತ್ತು.

ವರದಿಗಾರನಿಗಿಂತ ಮೊದಲು ಅವಳ ಫೋನೇ ಬಂತು. ದನಿ ಶಾಂತವಾಗಿತ್ತು, ಸ್ವಲ್ಪ ಜೋರಾಗಿತ್ತು.

"ಅಣ್ಣಾ, ಕೇಳು. ಪ್ರೆಶರ್ ಹೋಯ್ತು, ಮಾಸ್ಕ್ ಬಿತ್ತು, ಕೆಳಗೆ ಇಳಿದ್ವಿ. ನಾನು ಸರಿ ಇದ್ದೀನಿ. ಡಾಕ್ಟರು ನೋಡ್ತಿದ್ದಾರೆ, ನಾಳೆ ಮಧ್ಯಾಹ್ನ ಮನೆಗೆ ಬರ್ತೀನಿ. ಅವ್ವನಿಗೆ ಟಿ.ವಿ. ಹಾಕೋಕೆ ಬಿಡಬೇಡ. ತಿರುಗಿ ಹೇಳು."

ನಾನು ಮಹಾಪೆಯ ಆ ಮಹಡಿಯಲ್ಲಿ, ಅಕ್ಕಪಕ್ಕದವರು ನೋಡುತ್ತಿರುವಂತೆ, ಅದನ್ನು ಅದೇ ಕ್ರಮದಲ್ಲಿ ತಿರುಗಿ ಹೇಳಿದೆ. ಆಮೇಲೆ ಸುದ್ದಿಯಲ್ಲಿ "ಪ್ರಯಾಣಿಕರು ಮತ್ತು ಸಿಬ್ಬಂದಿ" ಎಂದು ಸೇರಿಸಿ, ವರದಿಗಾರ ಖಚಿತಪಡಿಸಿದ ಮೇಲೆ ಅಚ್ಚಿಗೆ ಬಿಟ್ಟೆ.

ನಡೆದದ್ದನ್ನು ಅವಳು ಮರುದಿನ ಹಾಲಿನಲ್ಲಿ ಕೂತು ಹೇಳಿದಳು. ಅಂಥ ಹೊತ್ತಿನಲ್ಲಿ ಕ್ಯಾಬಿನ್ನಿನವರು ಮೊದಲು ತಮ್ಮ ಮಾಸ್ಕ್ ಹಾಕಿಕೊಂಡು ಕೂತುಬಿಡಬೇಕು. ಮುಂದೆ ಪೈಲಟ್‌ಗಳೂ ಮಾಸ್ಕ್ ಹಾಕಿಕೊಂಡು ವಿಮಾನವನ್ನು ಉಸಿರಾಡಬಹುದಾದ ಎತ್ತರಕ್ಕೆ ಇಳಿಸುತ್ತಿರುತ್ತಾರೆ. ಆಗ ಅವರನ್ನು ಮಾತಾಡಿಸುವಂತಿಲ್ಲ. ಅವರಾಗಿಯೇ ಕರೆಯುವ ತನಕ ಕಾಯಬೇಕು. ವಿಮಾನ ಮೂಗು ತಗ್ಗಿಸಿದಾಗ ಮಗುವೊಂದು ಅಳುತ್ತಿತ್ತು, ಆಮೇಲೆ ಅದರ ಅಳು ದೂರ ಹೋದ ಹಾಗಾಯಿತು. ಕಿವಿ ಒತ್ತಿಕೊಂಡಿತ್ತು, ನೋವಿತ್ತು. ಎರಡು ದಿನದಿಂದ ಸಣ್ಣ ನೆಗಡಿ ಬೇರೆ ಇತ್ತು, ರಜೆ ಹಾಕುವಷ್ಟಲ್ಲ ಎಂದುಕೊಂಡಿದ್ದಳು. ಆ ಕಾಯುವಿಕೆಯೇ ಉದ್ದವಾದದ್ದು ಎಂದಳು. ಮುಂದೆ ಅವರಿದ್ದಾರೋ ಇಲ್ಲವೋ ಎಂದು ಹಿಂದಿನವರಿಗೆ ತಿಳಿಯುವುದು ಅವರ ದನಿಯಿಂದ ಮಾತ್ರ.

"ಎರಡು ಬೆಲ್ ಹೊಡೆದು ಕುಂತಂಗ," ಎಂದರು ಅಪ್ಪ.

"ಹ್ಞೂಂ. ವಾಪಸ್ ಬರಲ್ಲ."

ಕೊನೆಗೆ ವಿಮಾನ ಸಮನಾಯಿತು. ಅವಳ ತಲೆಯ ಮೇಲಿನ ಸಣ್ಣ ದೀಪ ಹೊತ್ತಿಕೊಂಡಿತು, ಅಂದರೆ ಕಾಕ್‌ಪಿಟ್ಟಿನಿಂದ ಕರೆ. ರಿಸೀವರ್ ಎತ್ತಿದಳು. ಏನೂ ಇಲ್ಲ, ಸತ್ತ ಲೈನು. ಇನ್ನೊಂದು ಕೈಗೆ ಬದಲಿಸಿ ಮತ್ತೆ ಕಿವಿಗಿಟ್ಟಾಗ ಕ್ಯಾಪ್ಟನ್ನನ ದನಿ ಬಂತು. ಅವನು ಆಗಲೇ ಎರಡು ಸಲ ಹೇಳಿ ಮೂರನೆಯ ಸಲ ಹೇಳುತ್ತಿದ್ದ. ಅವಳು ನಾಲ್ಕನ್ನೂ ತಿರುಗಿ ಹೇಳಿದಳು, ಒಂದೂ ತಪ್ಪಲಿಲ್ಲ. ಯಾರಿಗೆ ಮೂಗಿನಲ್ಲಿ ರಕ್ತ ಬಂದಿದೆ, ಯಾರಿಗೆ ಆಕ್ಸಿಜನ್ ಕೊಡಬೇಕಾಗಿದೆ ಎಂದು ಹೇಳಿದಳು. ಇದನ್ನು ಹೇಳುವಾಗ ಅವಳ ಮುಖದಲ್ಲಿ ಒಂದು ಬೆಳಕಿತ್ತು. ಇಳಿದ ಮೇಲೆ ಬರೆದ ವರದಿಯಲ್ಲಿ, ಹಿಂದಿನ ರಿಸೀವರು ಕೆಟ್ಟಿದೆ, ಮೊದಲು ಸದ್ದು ಬರಲಿಲ್ಲ, ಪರೀಕ್ಷಿಸಬೇಕು ಎಂದು ಸೇರಿಸಿದ್ದಳಂತೆ. ಮುಂದಿನ ಸಲ ಅಲ್ಲಿ ಕೂರುವ ಹುಡುಗಿಗೆ ತೊಂದರೆಯಾಗಬಾರದಲ್ಲ.

ಕೆಲವು ದಿನಗಳ ಮೇಲೆ ಎಂಜಿನಿಯರುಗಳಿಂದ ಉತ್ತರ ಬಂತು. ರಿಸೀವರು ಸರಿಯಾಗಿದೆ. ತಂತಿ ಸರಿಯಾಗಿದೆ. ದೋಷ ಕಂಡುಬಂದಿಲ್ಲ.

ಅವಳು ಅದನ್ನು ಫೋನಿನಲ್ಲೇ ಕೇಳಿದಳು. ಮಾತು ಇನ್ನೂ ನಡೆದಿರುವಾಗಲೇ ಮೊಬೈಲನ್ನು ಬಲಗಿವಿಯಿಂದ ತೆಗೆದು ಎಡಗಿವಿಗೆ ಇಟ್ಟುಕೊಂಡಳು, ಮತ್ತೆ ಬಲಗಿವಿಗೆ ತಂದಳು. ಆಗ ನಮಗೆ ತಿಳಿಯಿತು, ಕೆಟ್ಟದ್ದು ರಿಸೀವರಲ್ಲ. ಎಡಗಿವಿಯ ತಮಟೆ ಹರಿದಿತ್ತು, ಅದು ಮಾಯುತ್ತದೆ ಎಂದರು ಡಾಕ್ಟರು. ಮಾಯಿತು. ಆದರೆ ಅದರ ಒಳಗೆ, ಇನ್ನೂ ಆಳದಲ್ಲಿ ಆದದ್ದು ಮಾಯುವುದೋ ಇಲ್ಲವೋ ಕಾಲವೇ ಹೇಳಬೇಕು ಎಂದರು. ಅಲ್ಲಿಯವರೆಗೆ ಹಾರುವಂತಿಲ್ಲ. ಕಂಪನಿ ಅವಳನ್ನು ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಹಲವು ತಿಂಗಳ ಬಿಡುವಿನ ಕೊನೆಗೆ ಒಂದು ತಪಾಸಣೆಯ ದಿನ ಗೊತ್ತು ಮಾಡಿದರು. ಅದರಲ್ಲಿ ಎರಡೂ ಕಿವಿ ಅಳತೆಗೆ ಬಂದರೆ ಮತ್ತೆ ಆಕಾಶ. ಬರದಿದ್ದರೆ ಮುಗಿಯಿತು.

ಆ ತಿಂಗಳುಗಳಲ್ಲಿ ಅವಳು ಬೆಳಕು ಹರಿಯುವ ಮುನ್ನವೇ ಎದ್ದು, ಕಂಪನಿಯ ಗಾಡಿ ಬರುತ್ತಿದ್ದ ಸಮಯಕ್ಕೆ ಬಾಲ್ಕನಿಯಲ್ಲಿ ನಿಂತಿರುತ್ತಿದ್ದಳು. ಗಾಡಿ ಈಗಲೂ ಬರುತ್ತಿತ್ತು, ಪಕ್ಕದ ಗಲ್ಲಿಯ ಇನ್ನೊಬ್ಬ ಹುಡುಗಿಗಾಗಿ. ಯೂನಿಫಾರ್ಮನ್ನು ಅವಳು ತಾನೇ ಇಸ್ತ್ರಿ ಮಾಡಿ ತೂಗುಹಾಕುತ್ತಿದ್ದಳು, ಅದನ್ನು ತೊಡುವ ಸಂದರ್ಭ ಇಲ್ಲದಿದ್ದರೂ.

ಮನೆಯಲ್ಲೇ ಕಿವಿ ಪರೀಕ್ಷಿಸುವ ಉಪಾಯ ಅಪ್ಪನದು. ಸಂಜೆ ತಂಗಿ ಹಾಲಿನಲ್ಲಿ ಒಳಕೋಣೆಗೆ ಬೆನ್ನು ಮಾಡಿ ಕೂರಬೇಕು. ಬಲಗಿವಿಗೆ ಹತ್ತಿ ತುರುಕಿ ಮೇಲೆ ಅಂಗೈ ಒತ್ತಿಕೊಳ್ಳಬೇಕು. ಅಪ್ಪ ಒಳಕೋಣೆಯಲ್ಲಿ ಸ್ಟೀಲಿನ ಲೋಟಕ್ಕೆ ಚಮಚದಿಂದ ಹೊಡೆಯುತ್ತಾರೆ, ಒಂದೋ ಎರಡೋ. ಅವಳು ಟೀಪಾಯಿಯ ಮೇಲೆ ಬೆರಳಿನ ಗೆಣ್ಣಿನಿಂದ ಅಷ್ಟನ್ನೇ ತಿರುಗಿ ಹೊಡೆಯಬೇಕು. ಮೊದಲ ವಾರಗಳಲ್ಲಿ ಬಹಳ ಸಲ ಉತ್ತರ ಬರುತ್ತಲೇ ಇರಲಿಲ್ಲ. ಅಪ್ಪ ಲೋಟ ಹಿಡಿದು ಕಾಯುತ್ತಿದ್ದರು. ಆಮೇಲೆ ಉತ್ತರ ಬರತೊಡಗಿತು. ಇವತ್ತು ಚಲೋ ಆತು, ನಿನ್ನೆಗಿಂತ ಮೆತ್ತಗ ಹೊಡದಿದ್ದೆ ಎಂದು ಅಪ್ಪ ಹೊರಗೆ ಬರುತ್ತಿದ್ದರು. ರಜೆಯ ದಿನ ನಾನೂ ಅಲ್ಲೇ ಪತ್ರಿಕೆ ಹಿಡಿದು ಕೂತಿರುತ್ತಿದ್ದೆ. ನನಗೂ ಹಾಗೇ ತೋರಿತು, ಕಿವಿ ಹಿಂದಿರುಗುತ್ತಿದೆ. ಅಪ್ಪ ಟಿಕೆಟಿನ ಮಾತು ಮತ್ತೆ ಎತ್ತಿದರು. ಈ ಸಲ ಮುಂದೂಡುವುದಿಲ್ಲ, ಅವಳ ಮೊದಲ ಹಾರಾಟದಲ್ಲೇ ಹೋಗಿಬಿಡೋಣ ಎಂದರು.

ತಪಾಸಣೆಗೆ ಕೆಲವೇ ದಿನ ಉಳಿದಿದ್ದಾಗಿನ ಒಂದು ಸಂಜೆ. ತಂಗಿ ಎಂದಿನಂತೆ ಕೂತಿದ್ದಾಳೆ. ಅವಳೆದುರು ಅಡುಗೆಮನೆಯ ಬಾಗಿಲು, ಅಲ್ಲಿ ಅವ್ವ ಸೊಪ್ಪು ಸೋಸುತ್ತ ನಿಂತಿದ್ದಾಳೆ. ಬೆನ್ನ ಹಿಂದೆ ಒಳಕೋಣೆ, ಬಾಗಿಲು ಅರ್ಧ ತೆರೆದಿದೆ. ನಾನು ಕಿಟಕಿಯ ಹತ್ತಿರವಿದ್ದೆ, ಅಂದು ನನ್ನ ಕುರ್ಚಿ ಮೂವರೂ ಕಾಣುವ ಕಡೆಗಿತ್ತು. ಅಪ್ಪ ಒಂದು ಹೊಡೆದರು, ಉತ್ತರ ಬಂತು. ಎರಡು ಹೊಡೆದರು, ಬಂತು. ಆಗ ಕಲ್ಯಾಣದ ಕಡೆಯಿಂದ ಮೇಲ್ ಗಾಡಿಯೊಂದು ಹಾರನ್ ಹೊಡೆಯುತ್ತ ಬಂತು. ನಮ್ಮ ಮನೆಯಲ್ಲಿ ಅಂಥ ಗಾಡಿ ಹೋಗುವಾಗ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ಕಿಟಕಿಯ ಗಾಜು ಅದುರುತ್ತಿತ್ತು. ಆ ಗದ್ದಲದ ನಟ್ಟನಡುವೆ ಅಪ್ಪ ಚಮಚ ಎತ್ತಿ ಎರಡು ಸಲ ಕೈ ಆಡಿಸಿದರು. ಚಮಚ ಲೋಟಕ್ಕೆ ತಾಗಲಿಲ್ಲ. ಅದು ನನಗೆ ಸ್ಪಷ್ಟವಾಗಿ ಕಂಡಿತು. ಮರುಕ್ಷಣ ಅವ್ವನ ಕಡೆ ನೋಡಿದೆ. ಸೊಪ್ಪಿನ ಕಟ್ಟಿನ ಕೆಳಗೆ, ಸೆರಗಿನ ಮರೆಯಲ್ಲಿ, ಅವಳ ಎರಡು ಬೆರಳು ನೆಟ್ಟಗೆ ನಿಂತಿದ್ದವು.

ತಂಗಿ ಟೀಪಾಯಿಗೆ ಎರಡು ಸಲ ಹೊಡೆದಳು.

ಗಾಡಿ ಹೋಯಿತು. ಅಪ್ಪ ಲೋಟ ಹಿಡಿದು ಹೊರಗೆ ಬಂದರು.

"ನಾ ಹೊಡೀಲೇ ಇಲ್ಲಲ್ಲವಾ."

ಅವ್ವ ಸೊಪ್ಪನ್ನು ಕೆಳಗಿಟ್ಟಳು. "ನಾನೇ ಹೇಳಿಕೊಟ್ಟೀನ್ರಿ. ಆಕಿನ್ನ ಬೈಬ್ಯಾಡ್ರಿ. ಮಾರಿ ಸಣ್ಣದು ಮಾಡ್ಕೊಂಡು ಕುಂತಿರ್ತಿದ್ದಳು, ನನಗ ನೋಡ್ಲಿಕ್ಕೆ ಆಗಲಿಲ್ಲ."

ಅಪ್ಪ ಬೈಯಲಿಲ್ಲ. ಅವಳ ಬಲಗಡೆಗೆ ಬಂದು ಕೂತರು, ಅವಳಿಗೆ ಕೇಳಿಸುವ ಕಡೆಗೆ. ಲೋಟವನ್ನು ಟೀಪಾಯಿಯ ಮೇಲಿಟ್ಟರು.

"ಹೊಡೀದ ಬೆಲ್ಲಿಗೆ ಉತ್ತರ ಕೊಟ್ಟಿ. ಮುಂದ ಕುಂತಾಂವ ಗಾಡಿ ಬಿಟ್ಟುಬಿಡ್ತಾನವಾ, ನಿನ್ನ ನಂಬಿ."

ತಂಗಿ ಹತ್ತಿ ತೆಗೆದು ಕೈಯಲ್ಲಿ ಉಂಡೆ ಮಾಡುತ್ತಿದ್ದಳು. ಆಮೇಲೆ ಹೇಳಿದಳು. ತಪಾಸಣೆಯ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಸುತ್ತಾರೆ, ಸಣ್ಣ ಸದ್ದು ಕೇಳಿದಾಗಲೆಲ್ಲ ಬಟನ್ ಒತ್ತಬೇಕು. ಸದ್ದುಗಳ ನಡುವಿನ ಅಂತರ ಅವಳಿಗೆ ಅಂದಾಜಾಗಿಬಿಟ್ಟಿದೆ. ಕೇಳದಿದ್ದರೂ ಎಲ್ಲಿ ಒತ್ತಬೇಕೆಂದು ಗೊತ್ತು, ನಡುವೆ ಒಮ್ಮೆ ಡಾಕ್ಟರು ಪರೀಕ್ಷಿಸಿದಾಗಲೇ ಅರ್ಧ ಹಾಗೆ ಒತ್ತಿ ನೋಡಿದ್ದಾಳೆ.

"ಪಾಸ್ ಆಗಿಬಿಡ್ತಿದ್ದೆ ಅಪ್ಪಾ. ನನಗೆ ಹಾರಬೇಕು. ಬಸ್, ಅಷ್ಟೇ."

"ಗೊತ್ತದ."

"ನೀನು ಯಾಕೆ ಹಂಗೆ ಮಾಡಿದೆ?"

"ನನಗೂ ನೀ ಹಾರೋದು ನೋಡಬೇಕಾಗಿತ್ತು," ಎಂದರು ಅಪ್ಪ. "ಅದಕ್ಕ ದಿನಾ ನಂಬ್ಲತ್ತಿದ್ದೆ. ಇವತ್ತು ಒಮ್ಮೆ ನೋಡೋಣ ಅನಿಸ್ತು."

ಅವರು ಎದ್ದು ಲೋಟವನ್ನು ತೊಳೆದು ಅಡುಗೆಮನೆಯ ಕಪಾಟಿನಲ್ಲಿ ಇಟ್ಟರು. ಆ ಪರೀಕ್ಷೆ ಮತ್ತೆ ನಡೆಯಲಿಲ್ಲ.

ತಪಾಸಣೆಯ ದಿನ ನಾನು ಜೊತೆಗೆ ಹೋಗಿದ್ದೆ. ಒಳಗೆ ಹೋಗುವ ಮುನ್ನ ಅವಳು ಡಾಕ್ಟರಿಗೆ ತಾನೇ ಹೇಳಿದಳಂತೆ, ಎಡಗಿವಿಯಲ್ಲಿ ನಾನು ಊಹಿಸಿ ಒತ್ತುತ್ತೇನೆ, ಸದ್ದುಗಳನ್ನು ಹಿಂದುಮುಂದು ಮಾಡಿ ಹಾಕಿ ಎಂದು. ಡಾಕ್ಟರು ಹಾಗೇ ಮಾಡಿದರು. ಹೊರಗೆ ಬಂದವಳು ಮುಖ ತೊಳೆದುಕೊಂಡಿದ್ದಳು. ಕುರ್ಲಾದಿಂದ ಡೊಂಬಿವಲಿಯವರೆಗೆ ಗಾಡಿಯಲ್ಲಿ ನಿಂತೇ ಬಂದೆವು. ಜಾಗ ಸಿಕ್ಕಾಗಲೂ ಅವಳು ಕೂರಲಿಲ್ಲ. ಮುಂಬ್ರಾ ದಾಟಿದ ಮೇಲೆ, ಅವ್ವನಿಗೆ ನೀನು ಹೇಳು, ಅಪ್ಪನಿಗೆ ನಾನು ಹೇಳ್ತೀನಿ ಎಂದಳು. ಅಪ್ಪನಿಗೆ ಅವಳು ಹೇಳಿದ್ದು ಒಳಕೋಣೆಯಲ್ಲಿ. ನಮಗೆ ಕೇಳಿಸಲಿಲ್ಲ. ಅಪ್ಪನ ದನಿ ಅವಳು ಹೇಳಿದ್ದನ್ನು ಮೆಲ್ಲಗೆ ತಿರುಗಿ ಹೇಳುತ್ತಿದ್ದದ್ದು ಮಾತ್ರ ಗೋಡೆಯ ಈಚೆಗೆ ಗೊತ್ತಾಗುತ್ತಿತ್ತು.

ಅವಳಿಗೆ ನೆಲದ ಮೇಲಿನ ಕೆಲಸ ಸಿಕ್ಕಿತು. ಮಹಾಪೆಯಲ್ಲೇ, ನಮ್ಮ ಮುದ್ರಣಾಲಯದಿಂದ ನಡೆದು ಹೋಗುವ ದೂರದಲ್ಲಿ, ಕ್ಯಾಬಿನ್ ಸಿಬ್ಬಂದಿಗೆ ಕಲಿಸುವ ಒಂದು ಕೇಂದ್ರವಿತ್ತು. ಒಳಗೆ ರೆಕ್ಕೆಯಿಲ್ಲದ, ಅರ್ಧಕ್ಕೆ ಕತ್ತರಿಸಿದಂಥ ವಿಮಾನದ ಒಡಲು. ಅದರ ಹಿಂದಿನ ಬಾಗಿಲ ಪಕ್ಕದಲ್ಲಿ ಮಡಚುವ ಸೀಟು, ಗೋಡೆಯ ಮೇಲೆ ರಿಸೀವರು. ಅವಳು ಈಗ ಆಚೆ ಬದಿಯಲ್ಲಿ ಕೂತು ಕ್ಯಾಪ್ಟನ್ ಆಗುತ್ತಾಳೆ. ಹುಡುಗಿಯರು ತಿರುಗಿ ಹೇಳುತ್ತಾರೆ. ಕೆಲವೊಮ್ಮೆ ಅವಳು ಕರೆ ಮಾಡಿ ಏನೂ ಹೇಳದೆ ಸುಮ್ಮನಿರುತ್ತಾಳಂತೆ. ಗಾಬರಿಯಲ್ಲಿ ಏನೋ ಒಂದನ್ನು ತಿರುಗಿ ಹೇಳುವವರು ಇದ್ದೇ ಇರುತ್ತಾರೆ. ಅವರಿಗೆ ಬೈಯುವುದಿಲ್ಲ, ಕೇಳಿಸಲಿಲ್ಲ ಎಂದು ಹೇಳುವುದನ್ನು ಕಲಿಸುತ್ತಾಳೆ. ಅದು ಎಲ್ಲಕ್ಕಿಂತ ಕಷ್ಟದ ಪಾಠ ಎನ್ನುತ್ತಿದ್ದಳು.

ನನ್ನ ಶಿಫ್ಟು ಶುರುವಾಗುವ ಹೊತ್ತಿಗೆ ಅವಳಿಗೆ ಬಿಡುವು. ಎಸ್ಟೇಟಿನ ತಿರುವಿನ ಟಪರಿ ಅಂಗಡಿಯಲ್ಲಿ ನಾವು ಚಹಾ ಕುಡಿಯುತ್ತಿದ್ದೆವು. ಮುಂಬೈಗೆ ಇಳಿಯುವ ವಿಮಾನಗಳು ನವಿ ಮುಂಬೈಯ ಮೇಲೆಯೇ ತಗ್ಗಿ ಹೋಗುತ್ತವೆ. ಚಕ್ರ ಹೊರಬಂದಿರುವುದೂ ಕಾಣುತ್ತದೆ. ಒಂದು ಬಂತೆಂದರೆ ಅವಳ ಮಾತು ವಾಕ್ಯದ ನಡುವೆಯೇ ನಿಲ್ಲುತ್ತಿತ್ತು. ನಾನು ಮೊದಲು ಅದನ್ನು ನೋವು ಎಂದುಕೊಂಡೆ. ಕೇಳಿದಾಗ ಹೇಳಿದಳು. ಇಳಿಯುವ ಮುನ್ನ, ಏರುವ ಮುನ್ನ, ಸಿಬ್ಬಂದಿಯವರು ತಮ್ಮ ಸೀಟಿನಲ್ಲಿ ಕೂತು ಯಾರೊಡನೆಯೂ ಮಾತಾಡದೆ ಮನಸ್ಸಿನಲ್ಲೇ ಎಲ್ಲವನ್ನೂ ಒಮ್ಮೆ ನೆನೆದುಕೊಳ್ಳಬೇಕು. ಈಗ ಏನಾದರೂ ಆದರೆ ನನ್ನ ಬಾಗಿಲು ಯಾವುದು, ಹೇಗೆ ತೆಗೆಯಬೇಕು, ಯಾರಿಗೆ ಸಹಾಯ ಬೇಕಾಗುತ್ತದೆ, ಏನೆಂದು ಕೂಗಬೇಕು. ಮೇಲಿನವರು ಈಗ ಅದನ್ನೇ ಮಾಡುತ್ತಿದ್ದಾರೆ.

"ಅವರ ಜೊತೆ ನಾನೂ ಮಾಡಿಬಿಡ್ತೀನಿ. ಅಭ್ಯಾಸ ಅಣ್ಣಾ."

ಚಹಾ ಆರುತ್ತಿತ್ತು. ವಿಮಾನ ಘನ್ಸೋಲಿಯ ಕಟ್ಟಡಗಳ ಹಿಂದೆ ಇಳಿದು ಹೋದ ಮೇಲೆ ಅವಳು ಬಿಟ್ಟ ವಾಕ್ಯವನ್ನು ಎತ್ತಿಕೊಳ್ಳುತ್ತಿದ್ದಳು. ವರ್ಷಗಳು ಕಳೆದರೂ ಆ ಅಭ್ಯಾಸ ಹೋಗಲಿಲ್ಲ. ಮದುವೆಯಾಗಿ ಅವಳು ಖಾರಘರಕ್ಕೆ ಹೋದಳು. ಅಲ್ಲಿನ ಮನೆಯ ಬಾಲ್ಕನಿಯಲ್ಲೂ ಹೀಗೆಯೇ ನಿಂತುಬಿಡುತ್ತಾಳೆಂದು ಅವಳ ಗಂಡ ಹೇಳುತ್ತಿದ್ದ.

ಅಪ್ಪ ಕೊನೆಗೂ ವಿಮಾನ ಹತ್ತಿದರು. ಹೈದರಾಬಾದಿನಲ್ಲಿ ಹತ್ತಿರದವರ ಮದುವೆ. ಅವ್ವನಿಗೆ ರೈಲಿನಲ್ಲಿ ಅಷ್ಟು ಹೊತ್ತು ಕೂರುವುದು ಆಗುತ್ತಿರಲಿಲ್ಲ. ಟಿಕೆಟನ್ನು ತಂಗಿಯೇ ತೆಗೆದಳು. ಅಪ್ಪ ಕೇಳಿದ್ದ ಹಾಗೆ ಕೊನೆಯ ಸಾಲು. ಒಂದೇ ವ್ಯತ್ಯಾಸ, ಅವಳೂ ಅದೇ ಸಾಲಿನಲ್ಲಿ, ನಮ್ಮ ಜೊತೆ ಪ್ರಯಾಣಿಕಳು. ಅಪ್ಪ ಕಿಟಕಿಗೆ, ಅವಳು ಪಕ್ಕದಲ್ಲಿ, ಆಮೇಲೆ ಅವ್ವ. ನಾನು ನಡುದಾರಿಯ ಆಚೆಯ ಸೀಟಿನಲ್ಲಿ. ನಮ್ಮ ಹಿಂದೆಯೇ, ಬಾಗಿಲ ಹತ್ತಿರದ ಮಡಚುವ ಸೀಟಿನಲ್ಲಿ, ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು ಬೆಲ್ಟು ಕಟ್ಟಿಕೊಂಡಳು. ತಂಗಿ ಅವಳನ್ನು ಒಮ್ಮೆ ತಿರುಗಿ ನೋಡಿದಳು. ಪರಿಚಯ ಹೇಳಿಕೊಳ್ಳಲಿಲ್ಲ.

ವಿಮಾನ ರನ್‌ವೇಯ ತುದಿಗೆ ಬಂದು ನಿಂತಿತು. ಅಪ್ಪ ಬಾಗಿ ಕೇಳಿದರು.

"ಇಲ್ಲಿ ಬೆಲ್ ಯಾರು ಹೊಡೀತಾರ?"

"ಬೆಲ್ ಇಲ್ಲಪ್ಪಾ. ನಾವು ರೆಡಿ ಅಂತ ಹೇಳಿದ ಮೇಲೆ ಅವರು ಬಿಡ್ತಾರೆ."

ಅಪ್ಪ ತಲೆಯಾಡಿಸಿದರು. ತಂಗಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಬೆನ್ನು ನೇರ ಮಾಡಿ ಕೂತಳು. ಹಿಂದಿನ ಹುಡುಗಿಯೂ ಹಾಗೆಯೇ ಕೂತಿದ್ದಳು. ಅವ್ವ ಏನೋ ಹೇಳಹೊರಟಾಗ ಅಪ್ಪ ಕೈಯೆತ್ತಿ ತಡೆದರು.

ಹೈದರಾಬಾದು ಹತ್ತಿರವಾದಾಗ ಮೋಡದಲ್ಲಿ ಸ್ವಲ್ಪ ಕುಲುಕಿತು. ಕಾಕ್‌ಪಿಟ್ಟಿನ ಕರೆ ಟಿಂಗ್ ಎಂದಿತು. ತಂಗಿಯ ಬಲಗೈ ತೊಡೆಯ ಮೇಲಿಂದ ಎದ್ದು, ಎದುರಿನ ಸೀಟಿನ ಬೆನ್ನನ್ನು ಮುಟ್ಟಿ ನಿಂತಿತು. ಹಿಂದೆ ಆ ಹುಡುಗಿ ರಿಸೀವರ್ ಎತ್ತಿದಳು. ಕೇಳಿಸಿಕೊಂಡಳು. ಆಮೇಲೆ ಮೆಲುದನಿಯಲ್ಲಿ ಒಂದೊಂದಾಗಿ ತಿರುಗಿ ಹೇಳತೊಡಗಿದಳು. ನಾನು ನಡುದಾರಿಯ ಆಚೆಯಿಂದ ತಂಗಿಯ ಮುಖ ನೋಡುತ್ತಿದ್ದೆ. ಅವಳು ಬಲಗಿವಿಯನ್ನು ಹಿಂದಕ್ಕೆ ತಿರುಗಿಸಿದ್ದಳು. ಅವಳ ತುಟಿಗಳು ಆ ಹುಡುಗಿಯ ಮಾತಿನೊಂದಿಗೆ, ಸದ್ದಿಲ್ಲದೆ, ಕೊನೆಯವರೆಗೂ ಅಲ್ಲಾಡಿದವು.

"ಏನಂತವಾ ಅಂವಾ?" ಎಂದು ಅವ್ವ ಕೇಳಿದಳು.

"ಏನಿಲ್ಲವ್ವಾ. ಸ್ವಲ್ಪ ಕುಲುಕ್ತದಂತೆ. ಆಮೇಲೆ ಇಳಿತದೆ."

ಅಪ್ಪ ಕಿಟಕಿಯ ಕಡೆ ತಿರುಗಿದ್ದರು. ಹೊರಗೆ ಬಿಳಿ ಮೋಡ ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ.